ಡ್ರಾಯಿಂಗ್ ಪಿರಿಯಡ್ ಕಿತ್ತು ಕೋಡಿಂಗ್ ಕೊಡಬೇಡಿ: ಶಾಲಾ ಶಿಕ್ಷಣ ಇಲಾಖೆಗೆ ಒಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರಿಗೆ, ಶಾಲಾ ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ ಮತ್ತು ಪಠ್ಯಪುಸ್ತಕ ರೂಪಿಸುವ ಎಲ್ಲ ಹಿರಿಯರಿಗೆ ನಮಸ್ಕಾರ.

ಈ ಪತ್ರ ಬರೆಯಲು ಕಾರಣ ಒಂದು ಟೈಮ್‌ಟೇಬಲ್. ನನ್ನ ಮಗಳ ಶಾಲೆಯಲ್ಲಿ ಈ ವರ್ಷ 6ನೇ ತರಗತಿಯಿಂದ ಕೋಡಿಂಗ್ ಶುರು ಮಾಡಿದ್ದಾರೆ. ಸಂತೋಷ. ಆದರೆ ಅದಕ್ಕೆ ಜಾಗ ಮಾಡಲು ವಾರದ ಎರಡೂ ಡ್ರಾಯಿಂಗ್ ಪಿರಿಯಡ್ ತೆಗೆದುಹಾಕಿದ್ದಾರೆ. ಪೋಷಕರ ಸಭೆಯಲ್ಲಿ ಯಾಕೆ ಅಂತ ಕೇಳಿದೆ. "ಡ್ರಾಯಿಂಗ್ ಹವ್ಯಾಸ ಮೇಡಂ, ಮನೆಯಲ್ಲೂ ಮಾಡಬಹುದು. ಕೋಡಿಂಗ್ ಮುಂದೆ ಹೊಟ್ಟೆಪಾಡಿಗೆ ಬೇಕು" ಅಂದರು. ಅಕ್ಕಪಕ್ಕ ಕೂತಿದ್ದ ಪೋಷಕರೂ ಹೌದು ಹೌದು ಅಂದರು.

ಕೋಡ್ ಬರೆಯುವುದೇ ನನ್ನ ಹೊಟ್ಟೆಪಾಡು. ಹುಬ್ಬಳ್ಳಿಯಲ್ಲಿ ಕೂತು ಸಾಫ್ಟ್‌ವೇರ್ ಮಾಡುವ ಹೆಂಗಸು ನಾನು. ಕೆಲಸಕ್ಕೆ ಹೊಸಬರನ್ನು ಆರಿಸುವ ಹೊಣೆಯೂ ನನ್ನ ಮೇಲಿದೆ. ಅದಕ್ಕೇ ಈ ಮಾತು ಹೇಳಲೇಬೇಕು ಅನ್ನಿಸಿತು. ಚಿತ್ರ ಬಿಡಿಸುವುದು ಮತ್ತು ಪ್ರೋಗ್ರಾಂ ಬರೆಯುವುದು ತೀರಾ ಹತ್ತಿರದ ಕೆಲಸಗಳು. ಎರಡರಲ್ಲೂ ಮೊದಲು ಕಣ್ಣಿಟ್ಟು ನೋಡಬೇಕು. ದೊಡ್ಡದನ್ನು ಒಡೆದು ಚಿಕ್ಕದು ಮಾಡಿಕೊಳ್ಳಬೇಕು. ಯಾವುದು ಮೊದಲು, ಯಾವುದು ಆಮೇಲೆ ಅಂತ ತೀರ್ಮಾನಿಸಬೇಕು. ಆಗಿದ್ದನ್ನು ಸ್ವಲ್ಪ ದೂರ ನಿಂತು ನೋಡಿ ತಿದ್ದಬೇಕು. ಈ ಅಭ್ಯಾಸ ಇಲ್ಲದ ಮಗುವಿಗೆ ಕೋಡಿಂಗ್ ಕಲಿಸಿದರೆ ಅದು ಆಜ್ಞೆಗಳನ್ನು ಬಾಯಿಪಾಠ ಮಾಡುತ್ತದೆ, ಅಷ್ಟೇ.

ಮಾತು ಗಾಳಿಯಲ್ಲಿ ಹೋಗುವುದು ಬೇಡ. ನಮ್ಮ ಧಾರವಾಡ ಸೀಮೆಯ ಕಸೂತಿಯನ್ನೇ ತೆಗೆದುಕೊಳ್ಳಿ. ಇಳಕಲ್ ಸೀರೆಯ ಸೆರಗಿನ ಮೇಲೆ, ರವಿಕೆ ಕಣದ ಮೇಲೆ, ಕೂಸುಗಳ ಕುಲಾವಿಯ ಮೇಲೆ ಹೆಣ್ಣುಮಕ್ಕಳು ಹಾಕುತ್ತ ಬಂದ ಹೊಲಿಗೆ ಇದು. ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆ ಎಲ್ಲವೂ ದಾರದಲ್ಲಿ ಮೂಡುತ್ತವೆ. ಬಟ್ಟೆಯ ಮೇಲೆ ಮೊದಲೇ ಗೀಚಿಕೊಳ್ಳುವ ಪದ್ಧತಿ ಇಲ್ಲ. ಬಟ್ಟೆಯ ಎಳೆ ಎಣಿಸಿಯೇ ಹಾಕಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಬಗೆಯ ಹೊಲಿಗೆ. ಅದರಲ್ಲಿ ಗವಂತಿ, ಮುರ್ಗಿ ಹಾಕಿದರೆ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣಬೇಕು.

ಗವಂತಿ ಹೇಗೆ ನಡೆಯುತ್ತದೆ ನೋಡಿ. ಒಂದು ಹೊಲಿಗೆ ಮೇಲೆ, ಮುಂದಿನದು ಕೆಳಗೆ, ಮತ್ತೆ ಮೇಲೆ. ಹೋಗುವಾಗ ಒಂದು ಬಿಟ್ಟು ಒಂದು ಗೆರೆ ಕಾಣುತ್ತದೆ. ಅದೇ ದಾರಿಯಲ್ಲಿ ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ನೇರ ಗೆರೆಯಾದರೆ ಇದು ಸುಲಭ. ಗೋಪುರದ ತುಂಬ ಕವಲುಗಳಿರುತ್ತವೆ. ಅಲ್ಲಿ ಒಂದು ನಿಯಮ ಬೇಕು. ಕವಲಿನೊಳಗೆ ಹೊಕ್ಕರೆ ತುದಿ ಮುಟ್ಟಿ, ಬಂದ ದಾರಿಯಲ್ಲೇ ತಿರುಗಿ, ಹೊಕ್ಕ ತೂತಿಗೇ ಬರಬೇಕು. ಆಮೇಲೆ ಮುಂದಿನ ಹೆಜ್ಜೆ. ಕವಲಿನಲ್ಲಿ 5 ಹೊಲಿಗೆ ಹೋದರೆ ಬರುವುದೂ 5, ಒಟ್ಟು 10. 8 ಹೋದರೆ ಒಟ್ಟು 16. ಯಾವತ್ತೂ ಸಮಸಂಖ್ಯೆಯೇ. ಹಾಗಾಗಿ ಮೂಲ ಗೆರೆಗೆ ಮರಳಿದಾಗ ಮೇಲೆ-ಕೆಳಗಿನ ಸರದಿ ಕೆಟ್ಟಿರುವುದಿಲ್ಲ. ಕವಲಿನೊಳಗೆ ಇನ್ನೊಂದು ಕವಲಿದ್ದರೂ ಇದೇ ನಿಯಮ ಸಾಕು. ಹೋಗುವಾಗ ಮೇಲೆ ಬಿದ್ದ ಪ್ರತಿ ಹೊಲಿಗೆಯೂ ಬರುವಾಗ ಕೆಳಗೆ ಬೀಳುತ್ತದೆ, ಕೆಳಗೆ ಬಿದ್ದದ್ದು ಮೇಲೆ. ಎರಡೂ ಬದಿ ತಾನಾಗಿಯೇ ತುಂಬುತ್ತವೆ.

ಎಂಜಿನಿಯರಿಂಗ್ ಕಾಲೇಜಿನಲ್ಲಿ ಡೆಪ್ತ್ ಫಸ್ಟ್ ಸರ್ಚ್ ಅಂತ ಒಂದು ಪಾಠ ಇದೆ. ಕವಲುದಾರಿಗಳ ಜಾಲದಲ್ಲಿ ಎಲ್ಲೂ ತಪ್ಪಿಸಿಕೊಳ್ಳದೆ ಎಲ್ಲ ದಾರಿಯನ್ನೂ ಮುಟ್ಟಿ ಬರುವ ಕ್ರಮ ಅದು. ಒಂದು ದಾರಿ ಹಿಡಿದು ಕೊನೆಯವರೆಗೆ ಹೋಗು, ಮುಗಿದ ಮೇಲೆ ಹಿಂದಿನ ಕವಲಿಗೆ ಬಾ, ಉಳಿದ ದಾರಿ ಹಿಡಿ. ಗವಂತಿಯ ಒಳಗಿರುವುದು ಪೂರ್ತಿ ಇದೇ. ಇಂಟರ್‌ವ್ಯೂನಲ್ಲಿ ಈ ಪ್ರಶ್ನೆ ಕೇಳಿದರೆ ಎಷ್ಟೋ ಹುಡುಗರು ಕೋಡ್ ಬರೆದುಬಿಡುತ್ತಾರೆ. ಹಿಂದಿನ ಕವಲಿಗೆ ಮರಳದೆ ಮುಂದೆ ಹೋದರೆ ಏನಾಗುತ್ತದೆ ಅಂತ ಕೇಳಿದರೆ ತಡವರಿಸುತ್ತಾರೆ. ಸೂಜಿ ಹಿಡಿದು ಒಮ್ಮೆ ಗೋಪುರ ಹಾಕಿದ ಮಗು ಅಲ್ಲಿ ತಡವರಿಸುವುದಿಲ್ಲ. ಸರದಿ ತಪ್ಪಿದರೆ ಏನಾಗುತ್ತದೆ ಅಂತ ಅದರ ಬೆರಳಿಗೇ ಗೊತ್ತಿರುತ್ತದೆ. ಎಲ್ಲಿ ಎಣಿಕೆ ತಪ್ಪಿತು ಅಂತ ಹುಡುಕಿ, ಅಲ್ಲಿಯವರೆಗೆ ಬಿಚ್ಚಿ, ಮತ್ತೆ ಹಾಕುವುದೂ ಗೊತ್ತಿರುತ್ತದೆ. ನಾವು ಆಫೀಸಿನಲ್ಲಿ ದಿನದ ಅರ್ಧ ಹೊತ್ತು ಮಾಡುವ ಡಿಬಗ್ಗಿಂಗ್ ಕೆಲಸ ಕೂಡ ಅದೇ ಅಲ್ವಾ?

ಇದಕ್ಕೆ ಲ್ಯಾಬ್ ಬೇಡ. ಗ್ರಾಫ್ ಹಾಳೆ, ಎರಡು ಬಣ್ಣದ ಪೆನ್ನು ಸಾಕು. ಮೇಲಿನ ಹೊಲಿಗೆ ಕೆಂಪು, ಕೆಳಗಿನದು ನೀಲಿ. ಕರೆಂಟ್ ಇಲ್ಲದ ಶಾಲೆಯಲ್ಲೂ ನಡೆಯುವ ಕೋಡಿಂಗ್ ಪಾಠ ಇದು.

ಮೈಸೂರು ಶೈಲಿಯ ಚಿತ್ರದ ವಿಷಯಕ್ಕೆ ಬರುತ್ತೇನೆ. ಹಳೆಯ ಕಲಾವಿದರು ಹುಣಸೆ ಕಡ್ಡಿಯನ್ನು ಸುಟ್ಟು ಮಾಡಿದ ಇದ್ದಿಲಿನಿಂದ ಮೊದಲು ರೇಖೆ ಎಳೆದುಕೊಳ್ಳುತ್ತಿದ್ದರು. ಆಮೇಲೆ ಆಕಾಶ, ಬೆಟ್ಟ, ನದಿ. ಅದಾದ ಮೇಲೆ ಪ್ರಾಣಿ, ಮನುಷ್ಯರು. ಮುಖ, ಉಡುಪು, ಒಡವೆಗಳ ನಯಗೆಲಸ ಮತ್ತು ಚಿನ್ನದ ರೇಕು ಕೊನೆಗೆ. ದೂರದ್ದು ಮೊದಲು, ಹತ್ತಿರದ್ದು ಆಮೇಲೆ. ಹತ್ತಿರದ್ದು ದೂರದ್ದನ್ನು ಎಷ್ಟು ಮುಚ್ಚಬೇಕೋ ಅಷ್ಟು ಮುಚ್ಚುತ್ತದೆ. ಕಂಪ್ಯೂಟರ್ ಪರದೆಯ ಮೇಲೆ ಮೂರು ಆಯಾಮದ ದೃಶ್ಯ ಮೂಡಿಸುವ ಹಳೆಯ ವಿಧಾನಗಳಲ್ಲಿ ಒಂದು ಇದೇ ಕ್ರಮದಲ್ಲಿ ನಡೆಯುತ್ತದೆ. ಪೇಂಟರ್ಸ್ ಆಲ್ಗಾರಿದಮ್ ಅಂತಲೇ ಅದನ್ನು ಕರೆಯುತ್ತಾರೆ. ಎಲ್ಲ ಆಕಾರಗಳನ್ನೂ ದೂರದಿಂದ ಹತ್ತಿರಕ್ಕೆ ಸಾಲಾಗಿ ಜೋಡಿಸಿ ಒಂದೊಂದನ್ನೇ ಬಳಿಯುತ್ತ ಬರುವುದು.

ಅದರಲ್ಲೊಂದು ತೊಡಕಿದೆ. ಮೂರು ಪಟ್ಟಿಗಳು ಒಂದರ ಮೇಲೊಂದು ಸುತ್ತಿಕೊಂಡಿವೆ ಅಂದುಕೊಳ್ಳಿ. ಮೊದಲನೆಯದು ಎರಡನೆಯದರ ಮೇಲೆ, ಎರಡನೆಯದು ಮೂರನೆಯದರ ಮೇಲೆ, ಮೂರನೆಯದು ಮತ್ತೆ ಮೊದಲನೆಯದರ ಮೇಲೆ. ಈಗ ಯಾವುದನ್ನು ಮೊದಲು ಬಳಿಯುವುದು? ಯಾವ ಕ್ರಮವೂ ಸರಿಹೋಗುವುದಿಲ್ಲ. ಒಂದು ಪಟ್ಟಿಯನ್ನು ಕತ್ತರಿಸಿ ಎರಡು ಮಾಡಿಕೊಂಡರೆ ಮಾತ್ರ ದಾರಿ ಸಿಗುತ್ತದೆ. ಕೈ ಕಟ್ಟಿ ನಿಂತ ಮನುಷ್ಯನ ಚಿತ್ರ ಬಿಡಿಸುವ ಮಗುವಿಗೂ ಇದೇ ಪೇಚು ಎದುರಾಗುತ್ತದೆ. ಯಾವ ಕೈ ಮೇಲೆ, ಯಾವುದು ಕೆಳಗೆ, ಬೆರಳು ಎಲ್ಲಿ ಮರೆಯಾಗುತ್ತದೆ? ಅದು ನೋಡಿ ನೋಡಿ, ಅಳಿಸಿ ಅಳಿಸಿ ಉತ್ತರ ಕಂಡುಕೊಳ್ಳುತ್ತದೆ. ಆ ಅರ್ಧ ಗಂಟೆಯನ್ನು ಹವ್ಯಾಸ ಅಂತ ತಳ್ಳಿಹಾಕಿದ್ದನ್ನು ಕೇಳಿ ನನಗೆ ನಿಜವಾಗಿಯೂ ನೋವಾಯಿತು.

ಅಳಿಸುವುದರ ಬಗ್ಗೆ ಒಂದು ಮಾತು. ಡಚ್ ಚಿತ್ರಕಾರ ರೆಂಬ್ರಾಂಟ್ 1642ರಲ್ಲಿ ಮುಗಿಸಿದ 'ನೈಟ್ ವಾಚ್' ಚಿತ್ರವನ್ನು ಆಮ್‌ಸ್ಟರ್‌ಡ್ಯಾಮಿನ ರಿಕ್ಸ್‌ಮ್ಯೂಸಿಯಂನವರು 2019ರಿಂದ ಸ್ಕ್ಯಾನ್ ಮಾಡಿ ಪರೀಕ್ಷಿಸಿದರು. ಬಣ್ಣದ ಅಡಿಯಲ್ಲಿ ಮೊದಲ ಕರಡು ರೇಖೆಗಳು ಸಿಕ್ಕಿದವು. ಒಬ್ಬನ ಶಿರಸ್ತ್ರಾಣದ ಮೇಲೆ ಮೊದಲು ಗರಿ ಬರೆದು ಆಮೇಲೆ ಮುಚ್ಚಿಹಾಕಿದ್ದೂ ಕಂಡಿತು. ಅಷ್ಟು ದೊಡ್ಡ ಕಲಾವಿದನೂ ಮಾಡುತ್ತ ಮಾಡುತ್ತ ಮನಸ್ಸು ಬದಲಿಸಿದ್ದ. ನಮ್ಮ ಕೆಲಸದಲ್ಲಿ ಪ್ರತಿ ಬದಲಾವಣೆಯನ್ನೂ ಗಿಟ್ ಎಂಬ ತಂತ್ರಾಂಶದಲ್ಲಿ ದಾಖಲಿಸುತ್ತೇವೆ. ಯಾರ ಕೋಡನ್ನೇ ತೆಗೆದು ನೋಡಿ, ಮೊದಲ ದಿನ ಬರೆದಂತೆ ಉಳಿದಿದ್ದು ಕಡಿಮೆ. ಆದರೆ ಕೋಡಿಂಗ್ ಪರೀಕ್ಷೆಯಲ್ಲಿ ನಾವು ಮಕ್ಕಳಿಗೆ ಅಂಕ ಕೊಡುವುದು ಕೊನೆಯ ಉತ್ತರಕ್ಕೆ ಮಾತ್ರ. ಡ್ರಾಯಿಂಗ್ ಮಾಸ್ತರು ಕರಡು ಹಾಳೆಯನ್ನೂ ತೋರಿಸು ಅಂತಾರೆ. ಅವರಿಂದ ಕಲಿಯುವುದು ಇಲ್ಲೇ ಇದೆ.

ಪ್ರೋಗ್ರಾಂ ಬರೆಯುವವರು ಮತ್ತು ಚಿತ್ರಕಾರರು ಮುಖಾಮುಖಿಯಾಗಿ 60 ವರ್ಷ ದಾಟಿದೆ. 1965ರ ಫೆಬ್ರುವರಿಯಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಗೇಯೋರ್ಗ್ ನೇಸ್ ಎಂಬ ಗಣಿತಜ್ಞ ಕಂಪ್ಯೂಟರ್‌ನಿಂದ ಬರೆಸಿದ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟರು. ನೋಡಲು ಬಂದ ಕಲಾವಿದರಲ್ಲಿ ಕೆಲವರು ಸಿಟ್ಟಾದರು. ಕೆಲವು ವರ್ಷದ ನಂತರ ನೇಸ್ ಮಾಡಿದ 'ಶೋಟರ್' ಎಂಬ ಚಿತ್ರ ನನಗೆ ಬಹಳ ಇಷ್ಟ. ಅಡ್ಡಕ್ಕೆ 12, ಉದ್ದಕ್ಕೆ 22, ಒಟ್ಟು 264 ಚೌಕಗಳು. ಮೇಲಿನ ಸಾಲು ನೆಟ್ಟಗಿದೆ. ಕೆಳಗೆ ಬರುತ್ತ ಬರುತ್ತ ಚೌಕಗಳು ಸ್ವಲ್ಪ ಓರೆಯಾಗುತ್ತವೆ, ಜಾಗ ಬಿಟ್ಟು ಸರಿಯುತ್ತವೆ. ಕೊನೆಯ ಸಾಲುಗಳಲ್ಲಿ ಜಲ್ಲಿ ಸುರಿದಂತೆ ಚೆಲ್ಲಾಪಿಲ್ಲಿ. ಇದರ ಪ್ರೋಗ್ರಾಂ ಕೆಲವೇ ಸಾಲು. ಒಂದು ಚೌಕ ಬರೆ. ಸಾಲಿನ ಸಂಖ್ಯೆ ಹೆಚ್ಚಾದಂತೆ ಅಡ್ಡಾದಿಡ್ಡಿ ಓರೆಯ ಮಿತಿ ಹೆಚ್ಚಿಸು. ಮತ್ತೆ ಬರೆ.

7ನೇ ತರಗತಿಯ ಮಕ್ಕಳು ಇದನ್ನು ದಾಳ ಹಾಕಿಯೇ ಮಾಡಬಹುದು. ದಾಳದಲ್ಲಿ ಬಿದ್ದ ಸಂಖ್ಯೆಯನ್ನು ಸಾಲಿನ ಸಂಖ್ಯೆಯಿಂದ ಗುಣಿಸಿ, ಅಷ್ಟು ಡಿಗ್ರಿ ಓರೆ ಮಾಡಿ ಚೌಕ ಬರೆಯಲಿ. ಎಡಕ್ಕೋ ಬಲಕ್ಕೋ ಅನ್ನುವುದಕ್ಕೆ ನಾಣ್ಯ ಚಿಮ್ಮಲಿ. ಲೂಪ್ (ಒಂದೇ ಕೆಲಸ ಮತ್ತೆ ಮತ್ತೆ ಮಾಡುವುದು), ವೇರಿಯಬಲ್ (ಬದಲಾಗುವ ಸಂಖ್ಯೆ), ರ‍್ಯಾಂಡಮ್ (ಅದೃಷ್ಟಕ್ಕೆ ಬಿಟ್ಟದ್ದು) ಅನ್ನುವ ಮೂರೂ ಪಾಠ ಅದರಲ್ಲೇ ಆಯಿತು. ನಿಜವಾದ ಪ್ರಶ್ನೆ ಆಮೇಲೆ ಬರುತ್ತದೆ. ಎಷ್ಟು ಓರೆ ಚೆಂದ? ಎಲ್ಲಿಗೆ ನಿಲ್ಲಿಸಬೇಕು? ಕಂಪ್ಯೂಟರ್ ಇದಕ್ಕೆ ಉತ್ತರ ಕೊಡುವುದಿಲ್ಲ. ಬುಡಾಪೆಸ್ಟ್‌ನಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ಬದುಕಿದ ಕಲಾವಿದೆ ವೇರಾ ಮೋಲ್ನಾರ್ ಜೀವನವಿಡೀ ಈ ಪ್ರಶ್ನೆಯ ಬೆನ್ನು ಹತ್ತಿದವರು. ಕಂಪ್ಯೂಟರ್ ಕೈಗೆ ಸಿಗುವ ಮೊದಲೇ, 1959ರ ಹೊತ್ತಿಗೆ, ತಮಗೆ ತಾವೇ ನಿಯಮ ಬರೆದುಕೊಂಡು ಯಂತ್ರ ನಡೆಸಿದ ಹಾಗೆ ಕೈಯಿಂದ ಚಿತ್ರ ಮಾಡುತ್ತಿದ್ದರು. 1968ರಲ್ಲಿ ಕಂಪ್ಯೂಟರ್ ಸಿಕ್ಕಿತು, ಫೋರ್ಟ್ರಾನ್ ಎಂಬ ಪ್ರೋಗ್ರಾಂ ಭಾಷೆ ಕಲಿತರು. ಚೌಕಗಳ ಶಿಸ್ತಿನೊಳಗೆ ಒಂದು ಚೂರು ಅಶಿಸ್ತು ಬೆರೆಸಿ ಏನಾಗುತ್ತದೆ ನೋಡುವುದು ಅವರ ರೀತಿ. 2023ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ಅವರಿಗೆ 99.

ಇನ್ನೊಬ್ಬರನ್ನು ಹೇಳದೆ ಮುಂದೆ ಹೋಗಲಾರೆ. ಹೆರಾಲ್ಡ್ ಕೋಹೆನ್. ಇಂಗ್ಲೆಂಡಿನ ಹೆಸರಾಂತ ಚಿತ್ರಕಾರ. 1966ರಲ್ಲಿ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ ಬ್ರಿಟನ್ನಿನ ಪರವಾಗಿ ಚಿತ್ರ ಇಟ್ಟವರು. 1968ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಪ್ರೋಗ್ರಾಮಿಂಗ್ ಕಲಿತರು. ಆರನ್ ಎಂಬ ಪ್ರೋಗ್ರಾಂ ಬರೆಯಲು ಶುರು ಮಾಡಿ, 2016ರಲ್ಲಿ ಸಾಯುವವರೆಗೂ ಅದನ್ನೇ ಬೆಳೆಸಿದರು. ಆರನ್ ತಾನೇ ಚಿತ್ರ ಬಿಡಿಸಬೇಕಾದರೆ ಚಿತ್ರ ಬಿಡಿಸುವುದು ಅಂದರೇನು ಅಂತ ಅವರು ಮೊದಲು ಬಿಡಿಸಿ ಹೇಳಬೇಕಿತ್ತು. ಮುಚ್ಚಿದ ಆಕಾರ ಯಾವುದು, ತೆರೆದ ಗೆರೆ ಯಾವುದು, ಗಿಡದ ಟೊಂಗೆ ಹೇಗೆ ಕವಲೊಡೆಯುತ್ತದೆ, ತೋಳು ಭುಜಕ್ಕೆ ಹೇಗೆ ಸೇರುತ್ತದೆ. ಕೈಗೆ ಗೊತ್ತಿದ್ದ ಎಲ್ಲವನ್ನೂ ಮಾತಿಗೆ ತರಬೇಕಿತ್ತು. ನನ್ನ ಮಟ್ಟಿಗೆ ಪ್ರೋಗ್ರಾಮಿಂಗ್ ಅಂದರೆ ಇದೇ. ಗೊತ್ತಿದೆ ಅಂದುಕೊಂಡಿದ್ದನ್ನು, ಏನೂ ಗೊತ್ತಿಲ್ಲದವರಿಗೆ ಒಂದು ಹೆಜ್ಜೆಯೂ ಬಿಡದಂತೆ ಹೇಳುವುದು.

ದೂರದ ಉದಾಹರಣೆಗಳೇ ಆದವು ಅಂತ ನಿಮಗೆ ಅನ್ನಿಸಬಹುದು. ಹಾಗಾದರೆ ಅಂಗಳಕ್ಕೆ ಬನ್ನಿ. "15ರಿಂದ 8, ಸಂದು ಚುಕ್ಕಿ" ಅಂತ ರಂಗೋಲಿ ಪುಸ್ತಕದಲ್ಲಿ ಬರೆದಿರುತ್ತದೆ. ಅಷ್ಟು ಹೇಳಿದರೆ ಸಾಕು. ನಡುವೆ 15 ಚುಕ್ಕಿ, ಆಚೆ ಈಚೆ ಸಾಲಿಗೊಂದು ಕಡಿಮೆಯಾಗುತ್ತ 8ಕ್ಕೆ ನಿಲ್ಲಬೇಕು, ಮುಂದಿನ ಸಾಲಿನ ಚುಕ್ಕಿ ಹಿಂದಿನ ಎರಡು ಚುಕ್ಕಿಗಳ ಸಂದಿಯಲ್ಲಿ ಬರಬೇಕು. ಒಟ್ಟು 169 ಚುಕ್ಕಿ. ಅವನ್ನೆಲ್ಲ ಇಡುವ ಪೂರ್ತಿ ಕ್ರಮ ಆ ಒಂದು ಸಾಲಿನಲ್ಲಿದೆ. ಇದನ್ನು ಆಟ ಅಂತ ಬಿಡದೆ ಗಂಭೀರವಾಗಿ ನೋಡಿದವರು ಪಕ್ಕದ ಮದ್ರಾಸಿನಲ್ಲಿದ್ದರು. ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ, ಕಮಲಾ ಕೃತಿವಾಸನ್ ಸೇರಿ ತಮಿಳುನಾಡಿನ ರಂಗೋಲಿಯಾದ ಕೋಲಂ ಚಿತ್ರಗಳಿಗೆ ವ್ಯಾಕರಣ ಬರೆದರು. 1974ರಲ್ಲಿ ಅದು ಕಂಪ್ಯೂಟರ್ ಗ್ರಾಫಿಕ್ಸ್‌ನ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟವಾಯಿತು. ಚಿಕ್ಕ ಕೋಲಂನಿಂದ ದೊಡ್ಡದು ಹೇಗೆ ಬೆಳೆಯುತ್ತದೆ ಎಂಬ ನಿಯಮಗಳು ಅದರಲ್ಲಿವೆ. ಐವತ್ತು ವರ್ಷ ಕಳೆದರೂ ನಮ್ಮ ಮಕ್ಕಳ ಕಂಪ್ಯೂಟರ್ ಪುಸ್ತಕದಲ್ಲಿ ಅಂಗಳದ ರಂಗೋಲಿಗೆ ಜಾಗ ಸಿಕ್ಕಿದ್ದನ್ನು ನಾನು ನೋಡಿಲ್ಲ.

ಮಕ್ಕಳಿಗಾಗಿ ಅಂತಲೇ 1967ರಲ್ಲಿ ಅಮೆರಿಕದಲ್ಲಿ ಸೆಮೋರ್ ಪೇಪರ್ಟ್, ಸಿಂಥಿಯಾ ಸೊಲೊಮನ್, ವಾಲಿ ಫೋಯರ್‌ಝೈಗ್ ಲೋಗೋ ಎಂಬ ಪ್ರೋಗ್ರಾಂ ಭಾಷೆ ಮಾಡಿದರು. ಸ್ವಲ್ಪ ದಿನದಲ್ಲೇ ಅದಕ್ಕೊಂದು ಆಮೆ ಸೇರಿಕೊಂಡಿತು. ಮುಂದೆ ಹೋಗು, ಬಲಕ್ಕೆ ತಿರುಗು ಅಂದರೆ ಆಮೆ ಗೆರೆ ಎಳೆಯುತ್ತ ಹೋಗುತ್ತದೆ. ಇವತ್ತು ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯನ್ನು ಕಂಪ್ಯೂಟರ್‌ಗೆ ಹಾಕಿಕೊಂಡರೆ ಆ ಆಮೆ ಅದರ ಜೊತೆಗೇ ಬರುತ್ತದೆ, ಕಾಸು ಕೊಡಬೇಕಿಲ್ಲ. 2001ರಲ್ಲಿ ಕೇಸಿ ರೀಸ್, ಬೆನ್ ಫ್ರೈ ಚಿತ್ರಕಾರರಿಗಾಗಿಯೇ ಪ್ರೊಸೆಸಿಂಗ್ ಎಂಬ ತಂತ್ರಾಂಶ ಮಾಡಿದರು. ಅದೂ ಉಚಿತ. ಸಾಮಗ್ರಿಗೆ ಕೊರತೆ ಇಲ್ಲ.

ಕನ್ನಡದ ಅಕ್ಷರವನ್ನೇ ನೋಡಿ. ಈ ಪತ್ರ ನಿಮ್ಮ ಪರದೆಯ ಮೇಲೆ ಮೂಡಿದ್ದು ಯಾರೋ ಪ್ರತಿ ಅಕ್ಷರದ ಬಳುಕನ್ನು ಕೂತು ಬಿಡಿಸಿದ್ದರಿಂದ. ಆ ಬಳುಕು ಫಾಂಟಿನೊಳಗೆ ಕೆಲವು ಬಿಂದುಗಳಾಗಿ ಉಳಿದಿರುತ್ತದೆ. ಅದಕ್ಕೆ ಬಳಸುವ ಬೆಜಿಯೆ ರೇಖೆಗಳ ಗಣಿತ ಬಂದದ್ದು ಫ್ರಾನ್ಸಿನ ರೆನೋ, ಸಿಟ್ರೊಯೆನ್ ಕಾರು ಕಂಪನಿಗಳಿಂದ. ಕಾರಿನ ಮೈಯ ಬಾಗು ಬರೆಯಲು ಹುಟ್ಟಿದ ಗಣಿತ ನಮ್ಮ 'ಅ'ದ ಹೊಟ್ಟೆಗೂ ಬೇಕಾಯಿತು. ಬಿಡಿ ಅಕ್ಷರ ಬಿಡಿಸಿದರೆ ಕೆಲಸ ಮುಗಿಯಲಿಲ್ಲ. 'ಸೂರ್ಯ' ಅಂತ ಟೈಪ್ ಮಾಡುವಾಗ 'ರ' ಮೊದಲು ಬರುತ್ತದೆ, ಪರದೆಯ ಮೇಲೆ ಅದು ಅರ್ಕಾವೊತ್ತಾಗಿ 'ಯ' ಆದ ಮೇಲೆ ಕೂರಬೇಕು. 'ಸ್ತ್ರೀ' ಅಂದರೆ ಎರಡು ಒತ್ತು ಒಂದಕ್ಕೊಂದು ತಾಗದಂತೆ ಕೂರಬೇಕು. ಎಲ್ಲಿ ಕೂರಬೇಕು ಎಂಬುದು ಪ್ರೋಗ್ರಾಂನ ನಿಯಮ. ಎಷ್ಟು ಚಿಕ್ಕದಾದರೆ ಕಣ್ಣಿಗೆ ಹಿತ ಎಂಬುದು ಚಿತ್ರಕಾರರ ತೀರ್ಮಾನ. ಎರಡೂ ಗೊತ್ತಿರುವವರು ಕಡಿಮೆ. ಕನ್ನಡಕ್ಕೆ ಒಳ್ಳೆಯ ಫಾಂಟ್ ಇನ್ನೂ ಎಷ್ಟೋ ಬೇಕು. ಆ ಕೆಲಸಕ್ಕೆ ಬೇಕಾದ ಮಕ್ಕಳನ್ನು ನಾವು ಈ ಟೈಮ್‌ಟೇಬಲ್‌ನಿಂದ ತಯಾರು ಮಾಡಲಾರೆವು.

ನನ್ನ ಸಹೋದ್ಯೋಗಿಗಳಲ್ಲೇ ಕೆಲವರು ಈ ಮಾತು ಒಪ್ಪುವುದಿಲ್ಲ. ಪ್ರೋಗ್ರಾಂನಲ್ಲಿ ಸರಿ-ತಪ್ಪು ಇದೆ, ಚಿತ್ರದಲ್ಲಿ ಇಲ್ಲ ಅಂತಾರೆ. ಬ್ಯಾಂಕಿನ ಲೆಕ್ಕ ಒಂದು ಪೈಸೆ ತಪ್ಪಿದರೂ ತಪ್ಪೇ. ಈ ವ್ಯತ್ಯಾಸ ನಿಜ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಸರಿಯಾಗಿ ಓಡುವ ಹತ್ತು ಪ್ರೋಗ್ರಾಂಗಳನ್ನು ಒಟ್ಟಿಗೆ ಇಟ್ಟು ನೋಡಿ. ಒಂದನ್ನು ಓದಿದರೆ ತಟ್ಟನೆ ಅರ್ಥವಾಗುತ್ತದೆ. ಇನ್ನೊಂದನ್ನು ಮುಟ್ಟಲೇ ಭಯ. ಹತ್ತರ ಉತ್ತರವೂ ಒಂದೇ. ಯಾವುದನ್ನು ಉಳಿಸಿಕೊಳ್ಳಬೇಕು ಅಂತ ಆರಿಸುವಾಗ ನಾವು ನೋಡುವುದು ಅಳತೆ, ಜೋಡಣೆ, ಬಿಟ್ಟ ಜಾಗ, ಬೇಡದ್ದನ್ನು ಬಿಟ್ಟ ಧೈರ್ಯ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ 1974ರಲ್ಲಿ ಆ ಕ್ಷೇತ್ರದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಪಡೆದಾಗ ಮಾಡಿದ ಭಾಷಣದ ವಿಷಯವೇ ಪ್ರೋಗ್ರಾಮಿಂಗ್ ಒಂದು ಕಲೆ ಎಂಬುದು.

ಈಗ ಎಐ ಬಂದಿದೆ, ಚಿತ್ರವನ್ನೂ ಅದೇ ಬಿಡಿಸುತ್ತದೆ, ಕೋಡನ್ನೂ ಅದೇ ಬರೆಯುತ್ತದೆ, ಎರಡೂ ಕಲಿಯುವುದು ಯಾಕೆ ಅಂತಲೂ ಪೋಷಕರು ಕೇಳುತ್ತಾರೆ. ನಾನು ದಿನಾ ಅದನ್ನು ಬಳಸುತ್ತೇನೆ. ಅದು ಬರೆದ ಕೋಡಿನಲ್ಲಿ ಎಲ್ಲಿ ಎಡವಟ್ಟಿದೆ ಅಂತ ಗುರುತಿಸುವುದೇ ಈಗ ನನ್ನ ಕೆಲಸದಲ್ಲಿ ಜಾಸ್ತಿ. ಗುರುತಿಸಲು ಪಳಗಿದ ಕಣ್ಣು ಬೇಕು. ಕಣ್ಣು ಪಳಗುವುದು ನೋಡಿ ಬಿಡಿಸಿದಾಗ. ಹಾಗಾಗಿ ಡ್ರಾಯಿಂಗ್ ಮೊದಲಿಗಿಂತ ಈಗ ಜಾಸ್ತಿ ಬೇಕು.

2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಹಂತದಲ್ಲಿ ಕೋಡಿಂಗ್ ಇರಲಿ ಎಂದಿತು. ಕಲೆಯನ್ನು ಬೇರೆ ವಿಷಯಗಳ ಜೊತೆ ಬೆರೆಸಿ ಕಲಿಸಿ ಅಂತಲೂ ಅದೇ ನೀತಿ ಹೇಳಿತು. ಮೊದಲ ಮಾತನ್ನು ಶಾಲೆಗಳು ಹಿಡಿದುಕೊಂಡವು, ಎರಡನೆಯದನ್ನು ಬಿಟ್ಟವು. ನಮ್ಮ ರಾಜ್ಯ ತನ್ನದೇ ಶಿಕ್ಷಣ ನೀತಿ ಬೇಕು ಅಂತ 2023ರಲ್ಲಿ ಆಯೋಗ ರಚಿಸಿತು. ಆದ್ದರಿಂದ ಇದನ್ನು ಸರಿ ಮಾಡುವ ಅವಕಾಶ ನಿಮ್ಮ ಕೈಯಲ್ಲೇ ಇದೆ.

ನಾನು ಕೇಳಿಕೊಳ್ಳುವುದು ಇಷ್ಟು. ಕೋಡಿಂಗ್‌ಗೆ ಜಾಗ ಮಾಡಲು ಡ್ರಾಯಿಂಗ್ ಪಿರಿಯಡ್ ತೆಗೆಯಬಾರದು ಅಂತ ಎಲ್ಲ ಶಾಲೆಗಳಿಗೂ, ಖಾಸಗಿಯವರಿಗೂ ಸೇರಿಸಿ, ಒಂದು ಸುತ್ತೋಲೆ ಹೊರಡಿಸಿ. ವಾರದಲ್ಲಿ ಒಂದು ಪಿರಿಯಡ್ ಆದರೂ ಚಿತ್ರಕಲಾ ಶಿಕ್ಷಕರು ಮತ್ತು ಕಂಪ್ಯೂಟರ್ ಶಿಕ್ಷಕರು ಒಂದೇ ತರಗತಿಯಲ್ಲಿ ಒಟ್ಟಿಗೆ ನಿಂತು ಪಾಠ ಮಾಡಲಿ. ಕಂಪ್ಯೂಟರ್ ಪುಸ್ತಕಕ್ಕೆ ಕಸೂತಿ, ರಂಗೋಲಿ, ಕನ್ನಡ ಅಕ್ಷರ ಬರಲಿ, ಅದೂ ಕನ್ನಡದಲ್ಲೇ ಬರಲಿ. ಚಿತ್ರಕಲಾ ಶಿಕ್ಷಕರು ಇಲ್ಲದ ಶಾಲೆಗಳಿಗೆ ಶಿಕ್ಷಕರನ್ನು ಕೊಡಿ. ಇದು ಎಲ್ಲಕ್ಕಿಂತ ಮೊದಲಾಗಬೇಕಾದ ಕೆಲಸ. ಡ್ರಾಯಿಂಗ್ ಲೋವರ್, ಹೈಯರ್ ಪರೀಕ್ಷೆ ಪಾಸಾದ ಮಕ್ಕಳನ್ನು ಕಂಪ್ಯೂಟರ್ ಕಡೆಗೂ ಕರೆಯಿರಿ. ಅವರು ನಮಗೆ ಬೇಕಾದವರು. ಕೋಡಿಂಗ್ ಪರೀಕ್ಷೆಯಲ್ಲಿ ಕರಡು ಹಾಳೆಗೂ ಅಂಕ ಇರಲಿ. ಏನು ಮಾಡಿದೆ, ಎಲ್ಲಿ ತಪ್ಪಿತು, ಯಾಕೆ ಬದಲಿಸಿದೆ ಅಂತ ಮಗು ಬರೆದಿಟ್ಟ ಪುಸ್ತಕವನ್ನೂ ನೋಡಿ.

ಸುಮ್ನೆ ಕೇಳಿ ಕೂರುವವಳಲ್ಲ ನಾನು. ಗ್ರಾಫ್ ಹಾಳೆಯ ಮೇಲೆ ಗವಂತಿ, ದಾಳದ ಚೌಕಗಳು, ಸಂದು ಚುಕ್ಕಿ ರಂಗೋಲಿ, ಈ ಮೂರಕ್ಕೂ ಪಾಠದ ಹಾಳೆಗಳನ್ನು ಕನ್ನಡದಲ್ಲಿ ಬರೆದುಕೊಡಲು ಸಿದ್ಧಳಿದ್ದೇನೆ. ಧಾರವಾಡ ಜಿಲ್ಲೆಯ ಯಾವುದೇ ಸರ್ಕಾರಿ ಶಾಲೆಯ ಶಿಕ್ಷಕರ ಜೊತೆ ಶನಿವಾರ ಕೂತು ಅವನ್ನು ಮಾಡಿ ನೋಡುತ್ತೇನೆ. ಕಸೂತಿ ಬಲ್ಲ ಅಕ್ಕಂದಿರನ್ನೂ ಕರೆತರುತ್ತೇನೆ, ಅವರಿಗೆ ಗೌರವಧನ ಕೊಡುವ ವ್ಯವಸ್ಥೆ ಮಾತ್ರ ಇಲಾಖೆಯಿಂದ ಆಗಬೇಕು. ಮುಂದಿನ ಜೂನ್‌ನ ಟೈಮ್‌ಟೇಬಲ್ ಹಾಕುವ ಮೊದಲು ನಿಮ್ಮ ಉತ್ತರ ಬಂದರೆ ಅನುಕೂಲ.

ಇಂತಿ,
ಹುಬ್ಬಳ್ಳಿಯ ಒಬ್ಬ ತಾಯಿ, ಪ್ರೋಗ್ರಾಮರ್